ಕಾಲು ಕೆರೆದು ಜಗಳಕ್ಕೆ ನಿಲ್ಲುವವರು: ನೇಮೋರ್, ಹಲ್ಕ್ ಜಟಾಪಟಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಮಾರ್ವೆಲ್ ಕಾಮಿಕ್ಸ್ ಓದಲು ಹೊರಟವರು ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. ಒಂದು, ಯಾವ ಕಾಳಗ ಯಾವ ಸಂಚಿಕೆಯಲ್ಲಿದೆ ಎಂಬುದು. ಇನ್ನೊಂದು, ಸಂಚಿಕೆ ಕೈಗೆ ಸಿಕ್ಕ ಮೇಲೂ "ಇಷ್ಟಕ್ಕೂ ಗೆದ್ದವರು ಯಾರು?" ಎಂಬುದು. 1940ರಿಂದ 1974ರವರೆಗಿನ ಮುಖ್ಯ ಜಟಾಪಟಿಗಳನ್ನು ಇಟ್ಟುಕೊಂಡು ಈ ಎರಡಕ್ಕೂ ಇಲ್ಲಿ ಉತ್ತರ ಕೊಟ್ಟಿದ್ದೇವೆ. ಕಥೆಗಳ ಕೊನೆಯನ್ನೂ ಹೇಳಿಬಿಟ್ಟಿದ್ದೇವೆ, ಗಮನದಲ್ಲಿರಲಿ.

ಮುಂಗೋಪಿ ಆಂಟಿ-ಹೀರೋ ಅಂದರೆ ಯಾರನ್ನು ಲೆಕ್ಕಕ್ಕೆ ಹಿಡಿಯುತ್ತೀರಿ?

ಪೂರ್ತಿ ನಾಯಕರೂ ಅಲ್ಲದ, ಪೂರ್ತಿ ಖಳರೂ ಅಲ್ಲದವರು; ಮುಖ್ಯವಾಗಿ ಇಬ್ಬರು. ಮೊದಲನೆಯವನು ಸಬ್-ಮ್ಯಾರಿನರ್ ನೇಮೋರ್. ತಂದೆ ಅಮೆರಿಕದ ಹಡಗಿನ ಕ್ಯಾಪ್ಟನ್ ಲೆನರ್ಡ್ ಮೆಕೆಂಜಿ, ತಾಯಿ ಸಮುದ್ರದಡಿಯ ರಾಜಕುಮಾರಿ ಫೆನ್. ಬಿಲ್ ಎವರೆಟ್ ಸೃಷ್ಟಿಸಿದ ಈ ಪಾತ್ರ 1939ರ 'ಮಾರ್ವೆಲ್ ಕಾಮಿಕ್ಸ್' ಮೊದಲ ಸಂಚಿಕೆಯಲ್ಲೇ ಇದೆ. ಎರಡನೆಯವನು ಹಲ್ಕ್, ಬ್ರೂಸ್ ಬ್ಯಾನರ್ ಎಂಬ ವಿಜ್ಞಾನಿ ಬದಲಾಗಿ ಆಗುವ ದೈತ್ಯ. ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಇವನನ್ನು ತಂದದ್ದು 1962ರಲ್ಲಿ.

ಇಬ್ಬರ ಸಿಟ್ಟೂ ಮೂಗಿನ ತುದಿಯಲ್ಲೇ ಇದ್ದರೂ ಜಾತಿ ಬೇರೆ. ಹಲ್ಕ್‌ಗೆ ಬೇಕಾದದ್ದು ಒಂದೇ, ತನ್ನನ್ನು ತನ್ನ ಪಾಡಿಗೆ ಬಿಡಬೇಕು. ನೇಮೋರ್‌ನದು ರಾಜನ ಸಿಟ್ಟು, ಅದರ ಹಿಂದೆ ಒಂದು ದೂರು ಇರುತ್ತದೆ: ನೆಲದ ಮೇಲಿನವರು ನನ್ನ ಜನರನ್ನು ಕೊಂದಿರಿ, ನನ್ನ ಊರು ಹಾಳು ಮಾಡಿದಿರಿ. ಆ ದೂರು ಬಹುಪಾಲು ನಿಜವೇ. ಎದುರು ನಿಂತ ಹೀರೋ "ನೀನು ಹೇಳುವುದು ಸುಳ್ಳು" ಎನ್ನಲಾರದ ಕಾಳಗಗಳೇ ಈ ಸಾಲಿನಲ್ಲಿ ಉತ್ತಮವಾದವು. ಬರೀ ತೋಳ್ಬಲದ ಪ್ರದರ್ಶನ ಒಂದು ಸಲ ಓದಲು ಚೆನ್ನ, ಅಷ್ಟೇ.

ಎಲ್ಲಕ್ಕೂ ಮೊದಲಿನ ಜಟಾಪಟಿ ಯಾವುದು?

ನೇಮೋರ್ ಮತ್ತು ಹ್ಯೂಮನ್ ಟಾರ್ಚ್ ನಡುವಿನದು. 'ಮಾರ್ವೆಲ್ ಮಿಸ್ಟರಿ ಕಾಮಿಕ್ಸ್' 8, 9 ಮತ್ತು 10ನೇ ಸಂಚಿಕೆಗಳು, ಅಂದರೆ 1940ರ ಜೂನ್, ಜುಲೈ, ಆಗಸ್ಟ್. ಅಲ್ಲಿಯವರೆಗೆ ಒಂದೇ ಪತ್ರಿಕೆಯಲ್ಲಿದ್ದರೂ ಇಬ್ಬರದೂ ಬೇರೆ ಬೇರೆ ಕಥೆ, ಬೇರೆ ಚಿತ್ರಕಾರರು. ನೇಮೋರ್ ಎವರೆಟ್‌ನವನು, ಟಾರ್ಚ್ ಕಾರ್ಲ್ ಬರ್ಗೋಸ್‌ನವನು. ಒಬ್ಬ ನೀರು, ಇನ್ನೊಬ್ಬ ಬೆಂಕಿ. ಇವರನ್ನು ಎದುರುಬದುರು ನಿಲ್ಲಿಸಬೇಕು ಎಂದು ಯಾರಿಗಾದರೂ ಹೊಳೆಯಲೇಬೇಕಿತ್ತು.

8ನೇ ಸಂಚಿಕೆಯಲ್ಲಿ ಒಂದು ಜಾಣತನವಿದೆ. ಒಂದೇ ಘಟನೆಯನ್ನು ಎರಡು ಸಲ ಹೇಳಿದ್ದಾರೆ, ಟಾರ್ಚ್‌ನ ಕಥೆಯಲ್ಲಿ ಅವನ ಕಡೆಯಿಂದ, ನೇಮೋರ್‌ನ ಕಥೆಯಲ್ಲಿ ಇವನ ಕಡೆಯಿಂದ. ನೇಮೋರ್ ನ್ಯೂಯಾರ್ಕ್‌ಗೆ ನುಗ್ಗಿ ಹಾಲೆಂಡ್ ಸುರಂಗ, ಜಾರ್ಜ್ ವಾಷಿಂಗ್ಟನ್ ಸೇತುವೆ ಯಾವುದನ್ನೂ ಬಿಡದೆ ದಾಂಧಲೆ ಮಾಡುತ್ತಾನೆ, ಬ್ರಾಂಕ್ಸ್ ಮೃಗಾಲಯದ ಪ್ರಾಣಿಗಳನ್ನು ಬಿಟ್ಟು ಓಡಿಸುತ್ತಾನೆ. ಟಾರ್ಚ್ ಅಷ್ಟರಲ್ಲಿ ಪೊಲೀಸ್ ಕೆಲಸಕ್ಕೆ ಸೇರಿರುವುದರಿಂದ ಅವನನ್ನು ಹಿಡಿಯುವುದು ಇವನ ಡ್ಯೂಟಿ. 9ನೇ ಸಂಚಿಕೆ ಪೂರ್ತಿ 22 ಪುಟ ಕಾದಾಟ. 10ರಲ್ಲಿ ಉಳಿದಿರುವುದು ಒಂದೇ ಪುಟ: ಪೊಲೀಸ್ ಅಧಿಕಾರಿ ಬೆಟ್ಟಿ ಡೀನ್ ಮಧ್ಯೆ ಬಂದು ರಾಜಿ ಮಾಡಿಸುತ್ತಾಳೆ. ಇದು ತಿಳಿಯದೆ 10ನೇ ಸಂಚಿಕೆಯನ್ನೇ ದುಡ್ಡು ಕೊಟ್ಟು ತರಿಸಿಕೊಂಡವರು ಪೆಚ್ಚಾಗುತ್ತಾರೆ.

ಮರುಮುದ್ರಣದಲ್ಲಿ ಓದುವವರಿಗೆ ಇನ್ನೊಂದು ತೊಡಕಿದೆ. ಮಾಸ್ಟರ್‌ವರ್ಕ್ಸ್ ಮಾಲೆಯ 'ಗೋಲ್ಡನ್ ಏಜ್ ಮಾರ್ವೆಲ್ ಕಾಮಿಕ್ಸ್' 2ನೇ ಸಂಪುಟ 5ರಿಂದ 8ರವರೆಗೆ, 3ನೇ ಸಂಪುಟ 9ರಿಂದ 12ರವರೆಗೆ. ಕಾಳಗ ಸರಿಯಾಗಿ ನಡುಮಧ್ಯೆ ತುಂಡಾಗಿದೆ. ಒಂದನ್ನೇ ಕೊಳ್ಳುವುದಾದರೆ 3ನೆಯದನ್ನು ಕೊಳ್ಳಿ. ಆದರೆ ಎರಡು ಕಡೆಯಿಂದ ಹೇಳುವ ಆ ಜಾಣತನ ಇರುವುದು 2ನೆಯದರಲ್ಲಿ.

'ಹ್ಯೂಮನ್ ಟಾರ್ಚ್' 5ನೇ ಸಂಚಿಕೆಯಲ್ಲಿ ನೇಮೋರ್ ನ್ಯೂಯಾರ್ಕ್ ಮುಳುಗಿಸುತ್ತಾನೆ ಎನ್ನುತ್ತಾರೆ, ನಾನು ಓದಿದ್ದರಲ್ಲಿ ಆ ಪ್ರವಾಹವೇ ಇಲ್ಲವಲ್ಲ?

ನೀವು ಓದಿದ್ದು ಇನ್ನೊಂದು 5ನೇ ಸಂಚಿಕೆ. ಈ ಪತ್ರಿಕೆಗೆ 1ನೇ ಸಂಖ್ಯೆಯೇ ಇಲ್ಲ. 'ರೆಡ್ ರೇವನ್ ಕಾಮಿಕ್ಸ್' ಒಂದೇ ಸಂಚಿಕೆಗೆ ನಿಂತುಹೋಗಿ, ಅದರ ಸಂಖ್ಯೆಯನ್ನು ಮುಂದುವರಿಸಿ 1940ರಲ್ಲಿ 'ಹ್ಯೂಮನ್ ಟಾರ್ಚ್' 2ರಿಂದ ಶುರುವಾಯಿತು. ಆಮೇಲೆ 1941ರ ಬೇಸಿಗೆಯ ಸಂಚಿಕೆಗೂ 5, ಅದರ ಮುಂದಿನ ಶರತ್ಕಾಲದ ಸಂಚಿಕೆಗೂ 5 ಎಂದೇ ಬಿತ್ತು. ಸಂಗ್ರಾಹಕರು ಇವನ್ನು 5ಎ, 5ಬಿ ಎನ್ನುತ್ತಾರೆ. ನೇಮೋರ್ ದೈತ್ಯ ಅಲೆ ಎಬ್ಬಿಸಿ ನ್ಯೂಯಾರ್ಕ್ ಮುಳುಗಿಸುವ 60 ಪುಟದ ಕಥೆ ಇರುವುದು 5ಬಿಯಲ್ಲಿ. ಮಾಸ್ಟರ್‌ವರ್ಕ್ಸ್‌ನಲ್ಲೂ 5ಎ ಮೊದಲ ಸಂಪುಟಕ್ಕೆ, 5ಬಿ ಎರಡನೆಯದಕ್ಕೆ ಹೋಗಿವೆ. ಇಬ್ಬರ ಇನ್ನೊಂದು ಸುತ್ತು ಇರುವ 8ನೇ ಸಂಚಿಕೆಯೂ (1942) ಎರಡನೇ ಸಂಪುಟದಲ್ಲೇ ಸಿಗುತ್ತದೆ. ತೂಕಕ್ಕೆ ಎರಡನೆಯದೇ ಮೇಲು.

ಚಿತ್ರಗಳು ಒರಟು. ಆತುರದ ಕೆಲಸ ಎಂದು ನೋಡಿದರೇ ಗೊತ್ತಾಗುತ್ತದೆ. ಆದರೂ ಇಡೀ ನಗರ ನೀರಿನಡಿ ಹೋಗುವುದನ್ನು 1941ರಲ್ಲೇ ಅಷ್ಟು ಪುಟ ಎಳೆದು ತೋರಿಸಿದ ಧೈರ್ಯಕ್ಕೆ ತಲೆದೂಗಬೇಕು.

ಜಾನಿ ಸ್ಟಾರ್ಮ್ ಕೂಡ ಹ್ಯೂಮನ್ ಟಾರ್ಚ್ ಅಲ್ಲವೇ? ಇಬ್ಬರೂ ಒಬ್ಬನೇನಾ?

ಅಲ್ಲ. 1939ರ ಟಾರ್ಚ್ ಮನುಷ್ಯನೇ ಅಲ್ಲ, ಪ್ರೊಫೆಸರ್ ಹಾರ್ಟನ್ ಪ್ರಯೋಗಾಲಯದಲ್ಲಿ ಮಾಡಿದ ಆಂಡ್ರಾಯ್ಡ್. ಜಾನಿ ಸ್ಟಾರ್ಮ್ 1961ರಲ್ಲಿ ಬಂದ ಫೆಂಟಾಸ್ಟಿಕ್ ಫೋರ್ ಎಂಬ ನಾಲ್ವರು ಹೀರೋಗಳ ತಂಡದ ಹುಡುಗ. ಹೆಸರು, ಬೆಂಕಿ ಎರಡೂ ಒಂದೇ ಆದ್ದರಿಂದ "ಟಾರ್ಚ್ ವರ್ಸಸ್ ನೇಮೋರ್" ಎಂದು ಹುಡುಕಿದರೆ ಇಬ್ಬರ ಕಥೆಗಳೂ ಕಲಸಿಕೊಂಡು ಬರುತ್ತವೆ. ವರ್ಷ ನೋಡಿ: 1940ರ ದಶಕವಾದರೆ ಆಂಡ್ರಾಯ್ಡ್, 1962ರ ನಂತರವಾದರೆ ಬಹುತೇಕ ಜಾನಿ. ಜಾನಿ ಒಬ್ಬನೇ ನೇಮೋರ್ ಎದುರು ಹೋಗಿ ನಿಲ್ಲುವುದು 'ಸ್ಟ್ರೇಂಜ್ ಟೇಲ್ಸ್' 107ರಲ್ಲಿ, ಏಪ್ರಿಲ್ 1963. ಸಾಧಾರಣ ಕಥೆ, ಹಳೇ ಜಿದ್ದಿನ ನೆನಪಿಗಾಗಿ ಓದಬಹುದು.

ನೇಮೋರ್ 1962ರಲ್ಲಿ ಮರಳಿ ಬಂದದ್ದು ಹೇಗೆ?

'ಫೆಂಟಾಸ್ಟಿಕ್ ಫೋರ್' 4, ಮೇ 1962. ತಂಡದ ಮೇಲೆ ಮುನಿಸಿಕೊಂಡು ಹೊರಬಿದ್ದ ಜಾನಿ, ನ್ಯೂಯಾರ್ಕ್‌ನ ಬಡವರ ಕೇರಿ ಬವರಿಯಲ್ಲಿ ಒಂದು ಅಗ್ಗದ ವಸತಿಗೃಹ ಸೇರುತ್ತಾನೆ. ಅಲ್ಲಿ ಅವನ ಕೈಗೆ 1940ರ ದಶಕದ ಒಂದು ಹಳೇ ಸಬ್-ಮ್ಯಾರಿನರ್ ಕಾಮಿಕ್ಸ್ ಸಿಗುತ್ತದೆ. ಅದೇ ಕೋಣೆಯಲ್ಲಿ ನೆನಪು ಕಳೆದುಕೊಂಡ, ಗಡ್ಡ ಬಿಟ್ಟ, ಆದರೆ ಅಸಾಧ್ಯ ಬಲದ ಒಬ್ಬ ಮನುಷ್ಯ. ಜಾನಿ ಬೆರಳ ತುದಿಯ ಬೆಂಕಿಯಿಂದಲೇ ಅವನ ಗಡ್ಡ ಬೋಳಿಸುತ್ತಾನೆ. ಮುಖ ನೋಡಿ ಗುರುತು ಸಿಕ್ಕ ಮೇಲೆ, ನೆನಪು ಬರಲಿ ಎಂದು ಕೊಂಡೊಯ್ದು ಸಮುದ್ರಕ್ಕೆ ಹಾಕುತ್ತಾನೆ.

ಜಾನಿ ಮಾಡಿದ್ದು ಉಪಕಾರ, ಆದದ್ದು ಅನಾಹುತ. ನೆನಪು ಮರಳಿದ ನೇಮೋರ್ ತನ್ನ ಊರಿಗೆ ಈಜಿದರೆ ಅಲ್ಲಿ ಅಣುಬಾಂಬ್ ಪರೀಕ್ಷೆಗಳಿಂದ ಎಲ್ಲ ಹಾಳಾಗಿದೆ, ಜನರ ಸುಳಿವಿಲ್ಲ. ಮೇಲೆ ಬಂದು ಯುದ್ಧ ಸಾರುತ್ತಾನೆ. ಶಂಖದಂಥ ಕೊಂಬು ಊದಿ ಗಿಗ್ಯಾಂಟೊ ಎಂಬ ತಿಮಿಂಗಿಲದಂಥ ದೈತ್ಯಪ್ರಾಣಿಯನ್ನು ಎಬ್ಬಿಸುತ್ತಾನೆ. ಜಾನಿಯ ತಂಡದ ಥಿಂಗ್, ಅಂದರೆ ಬೆನ್ ಗ್ರಿಮ್, ಬೆನ್ನಿಗೆ ಅಣುಬಾಂಬ್ ಕಟ್ಟಿಕೊಂಡು ಅದರ ಬಾಯೊಳಗೆ ನಡೆದುಹೋಗಿ ಬಾಂಬ್ ಇಟ್ಟು ಹೊರಗೆ ಓಡಿಬರುತ್ತಾನೆ. ಅಣುಬಾಂಬಿನಿಂದ ಊರು ಕಳೆದುಕೊಂಡವನ ಮೇಲೆ ಮತ್ತೆ ಅಣುಬಾಂಬೇ! ಲೀ, ಕರ್ಬಿ ಇಬ್ಬರೂ ಇದನ್ನು ಎತ್ತಿ ಹೇಳುವುದಿಲ್ಲ, ಪುಟದಲ್ಲಿ ಮಾತ್ರ ಇದೆ. ನಡುವೆ ನೇಮೋರ್, ಜಾನಿಯ ಅಕ್ಕ ಸೂ ಸ್ಟಾರ್ಮ್‌ಳನ್ನು ನೋಡಿ, ನನ್ನನ್ನು ಮದುವೆಯಾದರೆ ನಿಮ್ಮವರನ್ನು ಬಿಡುತ್ತೇನೆ ಎನ್ನುತ್ತಾನೆ. ಆ ಎಳೆ ಮುಂದೆ ವರ್ಷಗಟ್ಟಲೆ ಓಡುತ್ತದೆ. 27ನೇ ಸಂಚಿಕೆಯಲ್ಲಿ (ಜೂನ್ 1964) ತಂಡದ ನಾಯಕ ರೀಡ್ ರಿಚರ್ಡ್ಸ್ ನೇಮೋರ್ ಮೇಲೆ ನೇರ ಕೈಮಾಡುವುದೂ ಸೂ ವಿಷಯಕ್ಕೇ.

'ಹಲ್ಕ್' ಮೊದಲ ಸಂಚಿಕೆಯ ತಾರೀಕೂ ಅದೇ ಮೇ 1962. ಇಬ್ಬರು ಮುಂಗೋಪಿಗಳ ಮುಖಪುಟದ ಮೇಲೂ ಒಂದೇ ತಿಂಗಳು.

ಅದಾದ ಮೇಲೆ ನೇಮೋರ್ ಜನ ಸಿಕ್ಕರೇ?

ಸಿಕ್ಕರು, 'ಫೆಂಟಾಸ್ಟಿಕ್ ಫೋರ್ ಆ್ಯನ್ಯುಯಲ್' 1ರಲ್ಲಿ (1963). ಸಿಕ್ಕ ಕೂಡಲೇ ಸೈನ್ಯ ಕಟ್ಟಿಕೊಂಡು ನ್ಯೂಯಾರ್ಕ್‌ಗೆ ದಂಡೆತ್ತಿ ಬರುತ್ತಾನೆ. 37 ಪುಟದ ಕಥೆ. ಅವನ ಸಮುದ್ರದಡಿಯ ರಾಜ್ಯ ಅಟ್ಲಾಂಟಿಸ್‌ನ ಸೈನಿಕರು ನೆಲದ ಮೇಲೆ ಉಸಿರಾಡಲು ನೀರು ತುಂಬಿದ ಶಿರಸ್ತ್ರಾಣ ಹಾಕಿರುತ್ತಾರೆ. ರೀಡ್ ಮಾಡುವ ಯಂತ್ರದ ಕೆಲಸ ಆ ನೀರನ್ನು ಆವಿ ಮಾಡುವುದು, ಅಷ್ಟೇ. ಒಂದು ಗುಂಡು ಹಾರಿಸದೆ ಇಡೀ ಸೈನ್ಯ ಸಮುದ್ರದ ಕಡೆ ಓಡುತ್ತದೆ. ಕೊನೆಯಲ್ಲಿ ಗಾಯಗೊಂಡ ಸೂಳನ್ನು ಉಳಿಸಲು ನೇಮೋರ್ ಅವಳನ್ನು ಎತ್ತಿಕೊಂಡು ನೆಲದವರ ಆಸ್ಪತ್ರೆಗೆ ಓಡಿದಾಗ, ದೊರೆ ಶತ್ರುಗಳ ಕಡೆ ಸೇರಿದ ಎಂದು ಅವನ ಜನರೇ ಬಿಟ್ಟುಹೋಗುತ್ತಾರೆ. ಅಷ್ಟು ಹುಡುಕಿ ಪಡೆದ ಜನರನ್ನು ಒಂದು ಒಳ್ಳೆಯ ಕೆಲಸ ಮಾಡಿ ಕಳೆದುಕೊಳ್ಳುತ್ತಾನೆ. 1963ರ ಹುಡುಗರ ಪತ್ರಿಕೆಯಲ್ಲಿ ಇಂಥ ಮುಕ್ತಾಯವನ್ನು ಯಾರು ನಿರೀಕ್ಷಿಸುತ್ತಾರೆ!

ಕಾದಾಟಗಳಲ್ಲಿ ಯಾವಾಗಲೂ ಯಾರೂ ಸೋಲುವುದಿಲ್ಲ ಏಕೆ?

ಇದಕ್ಕೆ ವ್ಯಾಪಾರದ ಕಾರಣ ಸುಲಭ. ಇಬ್ಬರಿಗೂ ಅಭಿಮಾನಿಗಳಿದ್ದಾರೆ, ಇಬ್ಬರೂ ಮುಂದಿನ ತಿಂಗಳು ಮಾರಾಟವಾಗಬೇಕು. ಆದರೆ ಕಥೆಗಾರನ ಕಸುಬು ಕಾಣುವುದು ಡ್ರಾ ಮಾಡುವ ರೀತಿಯಲ್ಲಿ. ಹಳೆಯ ಸಂಚಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ತಂತ್ರ ನಾಲ್ಕು.

ಒಂದು, ಗಡಿಯಾರ. ಹಲ್ಕ್ ಹೊಡೆದಾಟದ ನಡುವೆ ಬ್ಯಾನರ್ ಆಗಿ ಇಳಿದುಬಿಡುತ್ತಾನೆ. ಥಾರ್ ಕೈಯಿಂದ ಸುತ್ತಿಗೆ 60 ಸೆಕೆಂಡ್ ದೂರವಾದರೆ ಅವನು ಕುಂಟು ಡಾಕ್ಟರ್ ಬ್ಲೇಕ್ ಆಗುತ್ತಾನೆ. ಎರಡು, ಜಾಗ. ನೀರಿಂದ ದೂರವಾದಷ್ಟೂ ನೇಮೋರ್ ಬಲ ಇಳಿಯುತ್ತದೆ, ಮತ್ತೆ ಒದ್ದೆಯಾದರೆ ಏರುತ್ತದೆ. ಆದ್ದರಿಂದ ಕಾಳಗ ಹಡಗುಕಟ್ಟೆಯಲ್ಲೋ ಒಣ ಬೀದಿಯಲ್ಲೋ ಎಂಬುದನ್ನು ಮೊದಲು ನೋಡಿ, ಅರ್ಧ ಫಲಿತಾಂಶ ಅಲ್ಲೇ ಇರುತ್ತದೆ. ಮೂರು, ಬೇರೆಯವನ ಕೈವಾಡ. ಯಾರೋ ಮೂರನೆಯವನು ಇಬ್ಬರಿಗೂ ತಂದಿಟ್ಟಿರುತ್ತಾನೆ, ಅದು ತಿಳಿದ ಕೂಡಲೇ ಜಗಳ ನಿಲ್ಲುತ್ತದೆ. ಇದು ಎಲ್ಲಕ್ಕಿಂತ ಸೋಮಾರಿ ದಾರಿ, ಎಲ್ಲಕ್ಕಿಂತ ಹೆಚ್ಚು ಬಳಕೆಯಾದದ್ದೂ ಇದೇ. ನಾಲ್ಕನೆಯದು ಅಪರೂಪ. ಗೆಲ್ಲುತ್ತಿರುವವನೇ, ಸಾಕು ಎಂದು ಕೈ ಬಿಡುತ್ತಾನೆ. ಮುಂದಿನ ಪ್ರಶ್ನೆ ಅದರದೇ.

ಒಂದೇ ಒಂದು ಸಂಚಿಕೆ ಓದುವುದಾದರೆ?

'ಡೇರ್‌ಡೆವಿಲ್' 7, ಏಪ್ರಿಲ್ 1965. ಬರಹ ಸ್ಟ್ಯಾನ್ ಲೀ, ಚಿತ್ರ ವಾಲಿ ವುಡ್. ಡೇರ್‌ಡೆವಿಲ್ ಹಳದಿ ಉಡುಪು ಬಿಟ್ಟು ಕೆಂಪು ಉಡುಪು ತೊಟ್ಟದ್ದು ಇಲ್ಲೇ ಮೊದಲು, ಆದ್ದರಿಂದ ಸಂಗ್ರಾಹಕರು ಇದನ್ನು ಬೇರೆ ಕಾರಣಕ್ಕೂ ಹುಡುಕುತ್ತಾರೆ.

ನೇಮೋರ್ ಈ ಸಲ ಯುದ್ಧಕ್ಕೆ ಬರುವುದಿಲ್ಲ, ಕೇಸ್ ಹಾಕಲು ಬರುತ್ತಾನೆ. ಇಡೀ ಮನುಕುಲದ ಮೇಲೆ ದಾವೆ ಹೂಡಬೇಕೆಂದು ಸೀದಾ ನೆಲ್ಸನ್ ಆ್ಯಂಡ್ ಮರ್ಡಾಕ್ ವಕೀಲರ ಕಚೇರಿಗೆ ನುಗ್ಗುತ್ತಾನೆ. ಹಾಗೆಲ್ಲ ಇಡೀ ಮನುಷ್ಯಜಾತಿಯ ಮೇಲೆ ಕೇಸ್ ನಡೆಯುವುದಿಲ್ಲ ಎಂಬ ಉತ್ತರ ಬರುತ್ತದೆ. ಸರಿ, ನನ್ನ ಮೇಲಾದರೂ ಕೇಸ್ ಆಗಲಿ, ಕೋರ್ಟಿನಲ್ಲಿ ಮಾತಾಡಲು ಅವಕಾಶವಾದರೂ ಸಿಗಲಿ ಎಂದು ಹೊರಗೆ ಹೋಗಿ ಗಲಾಟೆ ಎಬ್ಬಿಸಿ ಬಂಧನಕ್ಕೊಳಗಾಗುತ್ತಾನೆ. ಅವನ ಪರ ವಾದಿಸುವ ಮ್ಯಾಟ್ ಮರ್ಡಾಕ್‌ನೇ ಡೇರ್‌ಡೆವಿಲ್. ವಿಚಾರಣೆಯ ನಡುವೆ ಲೇಡಿ ಡೋರ್ಮಾ ಬಂದು, ಅಟ್ಲಾಂಟಿಸ್‌ನಲ್ಲಿ ಸೇನಾಧಿಪತಿ ಕ್ರಾಂಗ್ ದಂಗೆ ಎದ್ದಿದ್ದಾನೆಂಬ ಸುದ್ದಿ ಮುಟ್ಟಿಸುತ್ತಾಳೆ. ಇನ್ನು ಕಾಯಲಾಗದು ಎಂದು ನೇಮೋರ್ ಜೈಲು ಮುರಿದು ಹೊರಡುತ್ತಾನೆ. ದಾರಿಗಡ್ಡ ಡೇರ್‌ಡೆವಿಲ್.

ಬಲದ ಲೆಕ್ಕ ಹಾಕಿದರೆ ಇದು ಕಾಳಗವೇ ಅಲ್ಲ. ಒಂದು ಕಡೆ ಹಡಗು ಎತ್ತಬಲ್ಲವನು, ಇನ್ನೊಂದು ಕಡೆ ಕಣ್ಣು ಕಾಣದ, ಸಾಮಾನ್ಯ ಮನುಷ್ಯನ ಬಲದ ವಕೀಲ. ಏಟು ತಿಂದು ಬೀಳುತ್ತಾನೆ, ಏಳುತ್ತಾನೆ, ಹೊಸ ಉಪಾಯ ಹುಡುಕುತ್ತಾನೆ. ಕೊನೆಗೆ ಕರೆಂಟಿನ ಕೇಬಲ್ ಹಿಡಿದು, ಆ ಶಾಕ್ ತನಗೂ ಹೊಡೆಯುತ್ತದೆಂದು ಗೊತ್ತಿದ್ದೇ, ನೇಮೋರ್‌ಗೆ ತಾಗಿಸುತ್ತಾನೆ. ಅದಕ್ಕೂ ಅವನು ಬಗ್ಗುವುದಿಲ್ಲ. ಡೇರ್‌ಡೆವಿಲ್ ಪ್ರಜ್ಞೆ ತಪ್ಪಿ ಬಿದ್ದಿದ್ದಾನೆ, ಕೈ ಮಾತ್ರ ನೇಮೋರ್‌ನ ಕಾಲು ಬಿಟ್ಟಿಲ್ಲ. ಕೊಡವಿ ಹೋಗಬಹುದಾದ ನೇಮೋರ್ ಅಲ್ಲಿ ಒಂದು ಕ್ಷಣ ನಿಲ್ಲುತ್ತಾನೆ. ನಾನು ಎದುರಿಸಿದ ಬಲಶಾಲಿಗಳಲ್ಲೆಲ್ಲ ಇಂಥ ಧೈರ್ಯ ಕಾಣಲಿಲ್ಲ ಎಂಬರ್ಥದ ಮಾತು ಹೇಳಿ, ಯಾರಿಗೂ ಹೆಚ್ಚಿನ ಕೇಡು ಮಾಡದೆ ಸಮುದ್ರಕ್ಕೆ ಹೊರಡುತ್ತಾನೆ.

ಇಲ್ಲಿ ಗೆದ್ದವರು ಯಾರು ಎಂದು ಕೇಳಿದರೆ, ಹೊಡೆದಾಟ ನೇಮೋರ್‌ದು. ಊರು ಉಳಿಸಬೇಕೆಂದು ಹೊರಟವನ ಕೆಲಸವೂ ಆಗಿದೆ. ಇಬ್ಬರದೂ ಮರ್ಯಾದೆ ಉಳಿಯುವ ಈ ಲೆಕ್ಕ ಮುಂದೆ ಬಂದ ಎಷ್ಟೋ ದೊಡ್ಡ ಕಾಳಗಗಳಿಗೆ ಸಿಕ್ಕಿಲ್ಲ. ಅಂದಹಾಗೆ, ಡೇರ್‌ಡೆವಿಲ್‌ನ ಮೊದಲ ಸಂಚಿಕೆ ಬಿಡಿಸಿದ್ದು ನೇಮೋರ್‌ನ ಸೃಷ್ಟಿಕರ್ತ ಬಿಲ್ ಎವರೆಟ್.

ಐರನ್ ಮ್ಯಾನ್ ಜೊತೆಗಿನ ನೇಮೋರ್ ಕಾಳಗದ ಅರ್ಧದಲ್ಲಿ ಚಿತ್ರದ ಶೈಲಿ ಬದಲಾಗುತ್ತದಲ್ಲ, ಪುಟ ಬದಲಾಗಿದೆಯೇ?

ಇಲ್ಲ, ಪುಟ ಸರಿಯಾಗಿಯೇ ಇದೆ. ಕಥೆ 'ಟೇಲ್ಸ್ ಆಫ್ ಸಸ್ಪೆನ್ಸ್' 80ರಲ್ಲಿ ಶುರುವಾಗಿ 'ಟೇಲ್ಸ್ ಟು ಆಸ್ಟಾನಿಶ್' 82ರಲ್ಲಿ ಮುಂದುವರಿಯುತ್ತದೆ, ಎರಡೂ ಆಗಸ್ಟ್ 1966. ಬಿಡಿಸುತ್ತಿದ್ದವರು ಜೀನ್ ಕೋಲನ್. ಎರಡನೇ ಭಾಗದ ಆರಂಭದ ಪುಟಗಳಾದ ಮೇಲೆ ಅವರಿಗೆ ಹುಷಾರಿಲ್ಲದೆ ಉಳಿದದ್ದನ್ನು ಜ್ಯಾಕ್ ಕರ್ಬಿ ಮುಗಿಸಿದರು. ಕೋಲನ್ ಪುಟದಲ್ಲಿ ಮೈ ಹೊರಳುತ್ತದೆ, ನೆರಳು ಹೆಚ್ಚು. ಕರ್ಬಿ ಪುಟದಲ್ಲಿ ಪ್ರತಿ ಗುದ್ದಿಗೂ ಪುಟವೇ ಒಡೆದಂತಿರುತ್ತದೆ. ಒಂದೇ ಕಾಳಗವನ್ನು ಇಬ್ಬರು ದಿಗ್ಗಜರು ಹೇಗೆ ಕಂಡರು ಎಂದು ಪಕ್ಕಪಕ್ಕದಲ್ಲಿಟ್ಟು ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಒಂದೇ ಪತ್ರಿಕೆಯ ಸಂಚಿಕೆ ಕೊಂಡರೆ ಕಥೆ ಅರ್ಧ ಮಾತ್ರ ಸಿಗುತ್ತದೆ ಎಂಬುದು ನೆನಪಿರಲಿ. ಮಾಸ್ಟರ್‌ವರ್ಕ್ಸ್ ಸಬ್-ಮ್ಯಾರಿನರ್ ಮೊದಲ ಸಂಪುಟದಲ್ಲಿ ಎರಡೂ ಭಾಗ ಇವೆ, ಮೇಲೆ ಹೇಳಿದ ಡೇರ್‌ಡೆವಿಲ್ 7 ಕೂಡ ಅದರಲ್ಲೇ ಇದೆ.

ಹಲ್ಕ್ ಮತ್ತು ಥಿಂಗ್: ಯಾವ ಸುತ್ತು ಮುಖ್ಯ?

ಮೊದಲ ಭೇಟಿ 'ಫೆಂಟಾಸ್ಟಿಕ್ ಫೋರ್' 12, ಮಾರ್ಚ್ 1963. ಅದೇ ತಿಂಗಳಿಗೆ ಹಲ್ಕ್‌ನ ಸ್ವಂತ ಪತ್ರಿಕೆ 6ನೇ ಸಂಚಿಕೆಗೆ ನಿಂತುಹೋಯಿತು. ಭೇಟಿ ಚಿಕ್ಕದು, ಹಸಿವು ತೀರುವುದಿಲ್ಲ.

ಓದಬೇಕಾದದ್ದು 25 ಮತ್ತು 26, ಏಪ್ರಿಲ್ ಮತ್ತು ಮೇ 1964. ತಾನು ಬಿಟ್ಟುಬಂದ ಅವೆಂಜರ್ಸ್ ಎಂಬ ಹೀರೋಗಳ ತಂಡ ತನ್ನ ಜಾಗಕ್ಕೆ ಕ್ಯಾಪ್ಟನ್ ಅಮೆರಿಕನನ್ನು ತಂದಿದೆ, ಗೆಳೆಯ ರಿಕ್ ಜೋನ್ಸ್ ಕೂಡ ಅವನ ಜೊತೆಗಿದ್ದಾನೆ ಎಂದು ತಿಳಿದು ಹಲ್ಕ್ ನ್ಯೂಯಾರ್ಕ್‌ಗೆ ಹೊರಡುತ್ತಾನೆ. ರೀಡ್‌ಗೆ ಕಾಯಿಲೆ, ಜಾನಿ ಮತ್ತು ಸೂ ಬೇಗ ನೆಲ ಹಿಡಿಯುತ್ತಾರೆ. ಉಳಿದವನು ಬೆನ್ ಗ್ರಿಮ್ ಒಬ್ಬನೇ. 25ನೇ ಸಂಚಿಕೆಯ ಸೊಗಸು ಇರುವುದು ಒಂದು ವಿಷಯದಲ್ಲಿ: ಹಲ್ಕ್ ತನಗಿಂತ ಬಲಶಾಲಿ ಎಂದು ಥಿಂಗ್‌ಗೆ ಗೊತ್ತಾಗಿಬಿಡುತ್ತದೆ, ಆದರೂ ಪಟ್ಟು ಬಿಡುವುದಿಲ್ಲ. ಬೀದಿ, ಸೇತುವೆ, ನದಿ ಎಲ್ಲ ದಾಟಿ ಹೊಡೆದಾಟ ಸಾಗುತ್ತದೆ. 26ರಲ್ಲಿ ಅವೆಂಜರ್ಸ್ ಬಂದು ಎರಡು ತಂಡಗಳೂ ಒಂದರ ಕಾಲಿಗೆ ಇನ್ನೊಂದು ತೊಡರಿಕೊಂಡು ಸ್ವಲ್ಪ ನಗೆಪಾಟಲಾಗುತ್ತದೆ. ಕೊನೆಗೆ ರಿಕ್ ಒಂದು ಗಾಮಾ ಗುಳಿಗೆಯನ್ನು ಹಲ್ಕ್ ಬಾಯಿಗೆ ಎಸೆದು ಮುಗಿಸುತ್ತಾನೆ. ಮತ್ತೆ ಗಡಿಯಾರದ ತಂತ್ರವೇ.

25ರಲ್ಲಿ ಬ್ಯಾನರ್ ಹೆಸರು "ಬಾಬ್ ಬ್ಯಾನರ್" ಎಂದಿರುವುದು ಸ್ಕ್ಯಾನ್ ದೋಷವಲ್ಲ. ಸ್ಟ್ಯಾನ್ ಲೀ ಹೆಸರು ಮರೆತು ಬರೆದದ್ದು. ಓದುಗರು ಪತ್ರ ಬರೆದು ಹಿಡಿದುಕೊಂಡ ಮೇಲೆ, ಅವನ ಪೂರ್ತಿ ಹೆಸರು ರಾಬರ್ಟ್ ಬ್ರೂಸ್ ಬ್ಯಾನರ್ ಎಂದು ತೇಪೆ ಹಾಕಿದರು. ಆ ತೇಪೆಯೇ ಇವತ್ತಿಗೂ ಅಧಿಕೃತ.

ಥಾರ್ ಮತ್ತು ಹಲ್ಕ್?

ಎರಡು ಸಂಚಿಕೆಗಳನ್ನು ಒಂದರೊಳಗೆ ಒಂದಿಟ್ಟು ಓದಬೇಕು. 'ಅವೆಂಜರ್ಸ್' 3ರಲ್ಲಿ (ಜನವರಿ 1964) ಹಲ್ಕ್ ಮತ್ತು ನೇಮೋರ್ ಜೊತೆಯಾಗಿ ಜಿಬ್ರಾಲ್ಟರ್ ಬಂಡೆಯ ಬಳಿ ಅವೆಂಜರ್ಸ್ ಮೇಲೆ ಬೀಳುತ್ತಾರೆ. ಹಲ್ಕ್ ನಡುವೆಯೇ ಬ್ಯಾನರ್ ಆಗುತ್ತಾನೆ, ನೇಮೋರ್ ಹಿಮ್ಮೆಟ್ಟುತ್ತಾನೆ. ಒಂದು ವರ್ಷದ ನಂತರ 'ಜರ್ನಿ ಇನ್‌ಟು ಮಿಸ್ಟರಿ' 112ರಲ್ಲಿ (ಜನವರಿ 1965), ಥಾರ್ ಹೆಚ್ಚೋ ಹಲ್ಕ್ ಹೆಚ್ಚೋ ಎಂದು ಜಗಳವಾಡುವ ಹುಡುಗರಿಗೆ ಥಾರ್‌ನೇ ಆ ದಿನದ ಹೇಳದೆ ಉಳಿದ ಭಾಗವನ್ನು ಹೇಳುತ್ತಾನೆ. ಸುತ್ತಿಗೆ ಇಲ್ಲದೆ ಕೈಕೈ ಮಿಲಾಯಿಸಲು ತಂದೆ ಓಡಿನ್‌ನಿಂದ 5 ನಿಮಿಷದ ವಿನಾಯಿತಿ ಸಿಗುತ್ತದೆ, ಅಂದರೆ ಆ 60 ಸೆಕೆಂಡಿನ ನಿಯಮ ಅಷ್ಟು ಹೊತ್ತು ಅನ್ವಯಿಸದು. ಆ 5 ನಿಮಿಷದಲ್ಲೂ ತೀರ್ಮಾನವಾಗುವುದಿಲ್ಲ. ಹುಡುಗರ ವಾದ ಮುಂದುವರಿಯುತ್ತದೆ, ಲೀಗೆ ಬೇಕಾಗಿದ್ದದ್ದೂ ಅದೇ.

'ಅವೆಂಜರ್ಸ್' 3ರಿಂದ ಸೋತು ಹೋದ ನೇಮೋರ್ ಸುಮ್ಮನೆ ಕೂರುವವನಲ್ಲ. 4ನೇ ಸಂಚಿಕೆಯಲ್ಲಿ ಉತ್ತರದ ಹಿಮಪ್ರದೇಶದ ಜನ ಪೂಜಿಸುತ್ತಿದ್ದ ಮಂಜುಗಡ್ಡೆಯೊಂದನ್ನು ಸಿಟ್ಟಿನಲ್ಲಿ ಎತ್ತಿ ಸಮುದ್ರಕ್ಕೆ ಎಸೆಯುತ್ತಾನೆ. ಅದರೊಳಗಿದ್ದವನು ಕ್ಯಾಪ್ಟನ್ ಅಮೆರಿಕ. ಆಧುನಿಕ ಕ್ಯಾಪ್ಟನ್ ಅಮೆರಿಕನ ಕಥೆ ಶುರುವಾದದ್ದೇ ಒಬ್ಬ ಮುಂಗೋಪಿಯ ಸಿಡುಕಿನಿಂದ.

ಹಲ್ಕ್ ಮತ್ತು ನೇಮೋರ್ ತಮ್ಮಲ್ಲೇ ಬಡಿದಾಡಿಲ್ಲವೇ?

'ಟೇಲ್ಸ್ ಟು ಆಸ್ಟಾನಿಶ್' 100, ಫೆಬ್ರವರಿ 1968. 22 ಪುಟ, ಚಿತ್ರ ಮೇರಿ ಸೆವೆರಿನ್. ಈ ಪತ್ರಿಕೆಯಲ್ಲಿ 70ನೇ ಸಂಚಿಕೆಯಿಂದ (ಆಗಸ್ಟ್ 1965) ಇಬ್ಬರಿಗೂ ಅರ್ಧರ್ಧ ಪುಟ. ನೂರನೆಯದಕ್ಕೆ ಎರಡು ಅರ್ಧಗಳನ್ನೂ ಸೇರಿಸಿ ಒಂದೇ ಕಾಳಗ ಮಾಡಿದರು. ಕಾರಣ ಮಾತ್ರ ಪಪೆಟ್ ಮಾಸ್ಟರ್ ಎಂಬ ಖಳನ ವಿಕಿರಣದ ಜೇಡಿಮಣ್ಣು: ಹಲ್ಕ್‌ನ ಗೊಂಬೆ ಮಾಡಿ ಅವನನ್ನು ಆಡಿಸುತ್ತಾನೆ. ಮೂರನೆಯವನ ಕೈವಾಡ ಎಂದ ಕೂಡಲೇ ಜಗಳದ ಬಿಸಿ ಅರ್ಧ ಇಳಿಯುತ್ತದೆ. ಸೆವೆರಿನ್ ಗೆರೆಗಾಗಿ ಓದಿ, ಕಥೆಗಾಗಿ ಬೇಡ.

ಸಂಖ್ಯೆಯ ಗೊಂದಲ ಇಲ್ಲೂ ಇದೆ. ಈ ಪತ್ರಿಕೆ 101ಕ್ಕೆ ನಿಂತು, 102ರಿಂದ 'ಇನ್‌ಕ್ರೆಡಿಬಲ್ ಹಲ್ಕ್' ಎಂದು ಹೆಸರು ಬದಲಾಯಿತು. ಹಾಗಾಗಿ 'ಇನ್‌ಕ್ರೆಡಿಬಲ್ ಹಲ್ಕ್' ಹೆಸರಿನಲ್ಲಿ 1962-63ರ 1ರಿಂದ 6ರವರೆಗೆ ಇವೆ, ಆಮೇಲೆ ನೇರ 102. ಯಾರಾದರೂ ಆ ಕಾಲದ 'ಇನ್‌ಕ್ರೆಡಿಬಲ್ ಹಲ್ಕ್' 50 ಇದೆ ಎಂದು ಮಾರಲು ಬಂದರೆ ನಂಬಬೇಡಿ.

ಸ್ಪೈಡರ್-ಮ್ಯಾನ್?

'ಅಮೇಜಿಂಗ್ ಸ್ಪೈಡರ್-ಮ್ಯಾನ್' 14ರಲ್ಲಿ (ಜುಲೈ 1964) ಗುಹೆಯೊಂದರಲ್ಲಿ ಹಲ್ಕ್‌ಗೆ ಎದುರಾಗುತ್ತಾನೆ. ಆದರೆ ಅದಕ್ಕಿಂತ 1966ರ ಆ್ಯನ್ಯುಯಲ್ 3 ಮೇಲು. ನಮ್ಮ ತಂಡ ಸೇರಬೇಕಾದರೆ ಹಲ್ಕ್‌ನನ್ನು ಹಿಡಿದು ತಾ ಎಂದು ಅವೆಂಜರ್ಸ್ ಪರೀಕ್ಷೆ ಒಡ್ಡುತ್ತಾರೆ. ಕಷ್ಟಪಟ್ಟು ಎದುರಿಸುತ್ತಿರುವಾಗ ಹಲ್ಕ್ ಕಣ್ಣೆದುರೇ ಬ್ಯಾನರ್ ಆಗುತ್ತಾನೆ. ಆ ಸೋತ ಮನುಷ್ಯನನ್ನು ನೋಡಿ ಇವನಿಗೆ ಮನಸ್ಸು ಬರುವುದಿಲ್ಲ. ಬರಿಗೈಲಿ ಹಿಂತಿರುಗಿ, ನನ್ನಿಂದ ಆಗಲಿಲ್ಲ ಎಂದು ಸುಳ್ಳು ಹೇಳಿ ಹೊರಟುಹೋಗುತ್ತಾನೆ.

ವುಲ್ವರಿನ್‌ನನ್ನು ಬಿಟ್ಟಿರಲ್ಲ!

ಬಿಟ್ಟಿಲ್ಲ. 'ಇನ್‌ಕ್ರೆಡಿಬಲ್ ಹಲ್ಕ್' 180ರ (ಅಕ್ಟೋಬರ್ 1974) ಕೊನೆಯ ಚೌಕದಲ್ಲಿ ಮುಖ ತೋರಿಸಿ, 181ರಲ್ಲಿ (ನವೆಂಬರ್ 1974) ಪೂರ್ತಿ ಬರುತ್ತಾನೆ. ಬರಹ ಲೆನ್ ವೀನ್, ಚಿತ್ರ ಹರ್ಬ್ ಟ್ರಿಂಪ್. ಕೆನಡಾ ಸರ್ಕಾರ ಹಲ್ಕ್‌ನನ್ನು ತಡೆಯಲು ಕಳಿಸಿದ ಏಜೆಂಟ್ ಅವನು. ಹಲ್ಕ್ ಮತ್ತು ವೆಂಡಿಗೊ ಎಂಬ ಬಿಳಿ ಭೂತದ ನಡುವೆ ನುಗ್ಗುತ್ತಾನೆ. ಇಬ್ಬರು ಸಿಡುಕರು ಎದುರಾದ ಅಪರೂಪದ ಕಾಳಗವಾದರೂ ಆಗ ವುಲ್ವರಿನ್ ಬರೀ ಒಂದು ಉಡುಪು, ಒಂದು ಸಿಟ್ಟು. ಪಾತ್ರ ಬೆಳೆದದ್ದು ಆಮೇಲೆ ಎಕ್ಸ್-ಮೆನ್‌ನಲ್ಲಿ.

ಅಸಲು ಪ್ರತಿ ಕೊಳ್ಳುವವರು ಮೊದಲು ಪುಟ ಎಣಿಸಿ. ಆ ಕಾಲದ ಮಾರ್ವೆಲ್ ಸಂಚಿಕೆಗಳ ಪತ್ರಗಳ ಪುಟದಲ್ಲಿ ಕತ್ತರಿಸಿ ಅಂಟಿಸಿಕೊಳ್ಳಲು 'ಮಾರ್ವೆಲ್ ವ್ಯಾಲ್ಯೂ ಸ್ಟ್ಯಾಂಪ್' ಎಂಬ ಚೀಟಿ ಇರುತ್ತಿತ್ತು. 181ರಲ್ಲಿ ಇರುವುದು ಶಾನಾ ದ ಶೀ-ಡೆವಿಲ್ ಚಿತ್ರದ್ದು. ಅಂದಿನ ಹುಡುಗರು ಎಷ್ಟೋ ಪ್ರತಿಗಳಿಂದ ಅದನ್ನು ಕತ್ತರಿಸಿದ್ದಾರೆ. ಮುಖಪುಟ ಎಷ್ಟೇ ಹೊಳೆಯುತ್ತಿರಲಿ, ಚೀಟಿ ಇಲ್ಲದ ಪ್ರತಿ ಅಪೂರ್ಣ, ಬೆಲೆ ತೀರಾ ಕಡಿಮೆ. ಮಾರುವವರು ಒಳಪುಟದ ಫೋಟೊ ಕೊಡಲು ಹಿಂದೇಟು ಹಾಕಿದರೆ ಅಲ್ಲಿಗೇ ಬಿಡಿ.

ಡಿಫೆಂಡರ್ಸ್ ಮತ್ತು ಅವೆಂಜರ್ಸ್ ಯುದ್ಧ ಓದುವ ಕ್ರಮ?

ಮೊದಲು 'ಸಬ್-ಮ್ಯಾರಿನರ್' 34 ಮತ್ತು 35 (1971). ಹವಾಮಾನ ನಿಯಂತ್ರಣ ಕೇಂದ್ರವೊಂದನ್ನು ಒಡೆಯಲು ನೇಮೋರ್, ಹಲ್ಕ್ ಮತ್ತು ಸಿಲ್ವರ್ ಸರ್ಫರ್ ಕೂಡುತ್ತಾರೆ, ಅವೆಂಜರ್ಸ್ ಅಡ್ಡ ಬರುತ್ತಾರೆ. ಡಿಫೆಂಡರ್ಸ್ ತಂಡದ ಬೀಜ ಇಲ್ಲಿದೆ. ನಂತರ 1973ರ ಯುದ್ಧ, ಸ್ಟೀವ್ ಎಂಗಲ್‌ಹಾರ್ಟ್ ಬರೆದದ್ದು: ಅವೆಂಜರ್ಸ್ 115, ಡಿಫೆಂಡರ್ಸ್ 8, ಅವೆಂಜರ್ಸ್ 116, ಡಿಫೆಂಡರ್ಸ್ 9, ಅವೆಂಜರ್ಸ್ 117, ಡಿಫೆಂಡರ್ಸ್ 10, ಅವೆಂಜರ್ಸ್ 118, ಡಿಫೆಂಡರ್ಸ್ 11. ಒಂದೇ ಪತ್ರಿಕೆ ಹಿಡಿದು ಓದಿದರೆ ಒಂದು ಬಿಟ್ಟು ಒಂದು ಮೆಟ್ಟಿಲು ಹತ್ತಿದ ಹಾಗೆ. ಲೋಕಿ ಮತ್ತು ಡೋರ್ಮಾಮು ಎಂಬ ಖಳರು ಎರಡು ತಂಡಗಳಿಗೂ ತಂದಿಡುತ್ತಾರೆ, ನಮ್ಮ ಮೂರನೇ ತಂತ್ರ. ಆದರೂ ಡಿಫೆಂಡರ್ಸ್ 10ರಲ್ಲಿ ಥಾರ್ ಮತ್ತು ಹಲ್ಕ್ ಕೈಗೆ ಕೈ ಕೊಟ್ಟು ಒಂದು ಗಂಟೆ ಕಾಲ ಇಂಚೂ ಕದಲದೆ ನಿಲ್ಲುವುದನ್ನು ನೋಡಲೇಬೇಕು. ಚಲನೆಯೇ ಇಲ್ಲದ ಕಾದಾಟ!

ನೇಮೋರ್‌ಗೆ ಇಷ್ಟು ಸಿಟ್ಟು ಏಕೆ ಎಂದು ಎಲ್ಲಾದರೂ ಹೇಳಿದ್ದಾರೆಯೇ?

1990ರಲ್ಲಿ ಜಾನ್ ಬರ್ನ್ ಶುರು ಮಾಡಿದ ಹೊಸ ಪತ್ರಿಕೆಯಲ್ಲಿ ಒಂದು ವೈದ್ಯಕೀಯ ಕಾರಣ ಕೊಟ್ಟರು: ಅರ್ಧ ಮನುಷ್ಯ, ಅರ್ಧ ಜಲಚರನಾದ್ದರಿಂದ ಗಾಳಿ ಮತ್ತು ನೀರಿನ ನಡುವೆ ರಕ್ತದ ಆಮ್ಲಜನಕ ಏರುಪೇರಾಗಿ ಮನಸ್ಸು ಕೆರಳುತ್ತದೆ ಎಂದು. ಜಾಣ ವಿವರಣೆ, ಆದರೆ ಬೇಕಿರಲಿಲ್ಲ. ಊರು ಸುಟ್ಟವರ ಮೇಲೆ ಬರುವ ಸಿಟ್ಟಿಗೆ ರಕ್ತಪರೀಕ್ಷೆ ಯಾಕೆ?

2022ರ ಸಿನಿಮಾದ ನೇಮೋರ್ ಇವನೇನಾ?

ಹೆಸರು, ಕಾಲಿನ ಪುಟ್ಟ ರೆಕ್ಕೆ, ಕೋಪ ಮೂರೂ ಇವೆ. 'ಬ್ಲ್ಯಾಕ್ ಪ್ಯಾಂಥರ್: ವಕಾಂಡ ಫಾರೆವರ್'ನಲ್ಲಿ ಅವನ ರಾಜ್ಯ ಅಟ್ಲಾಂಟಿಸ್ ಅಲ್ಲ, ಮಾಯಾ ಜನರ ಹಿನ್ನೆಲೆಯ ತಾಲೋಕನ್. ದೂರು ಮಾತ್ರ ಅದೇ, ಮೇಲಿನವರು ಕೆಳಗಿನವರನ್ನು ಬಾಳಗೊಡರು.

ಇವೆಲ್ಲ ಕನ್ನಡದಲ್ಲಿ ಸಿಗುತ್ತವೆಯೇ?

ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲಿ ಬರುತ್ತಿದ್ದ ಕಾಲದಲ್ಲಿ ನಮಗೆ ಸಿಕ್ಕವರು ಫ್ಯಾಂಟಮ್, ಮ್ಯಾಂಡ್ರೇಕ್. ಇಲ್ಲಿ ಹೇಳಿದ ಸಂಚಿಕೆಗಳನ್ನು ಇಂಗ್ಲಿಷಿನಲ್ಲೇ ಓದಬೇಕು. ಮಾರ್ವೆಲ್ ಅನ್‌ಲಿಮಿಟೆಡ್ ಆ್ಯಪ್‌ನಲ್ಲಿ 1960ರ ದಶಕದವು ಬಹುಪಾಲು ಇವೆ. ಹುಡುಕುವಾಗ ಪಾತ್ರದ ಹೆಸರು ಹಾಕಬೇಡಿ, ಪತ್ರಿಕೆಯ ಹೆಸರು ಮತ್ತು ವರ್ಷ ಹಾಕಿ. 'ಡೇರ್‌ಡೆವಿಲ್' ಎಂದಷ್ಟೇ ಹಾಕಿದರೆ ಬೇರೆ ಬೇರೆ ಕಾಲದ 7ನೇ ಸಂಚಿಕೆಗಳು ಸಾಲಾಗಿ ಬರುತ್ತವೆ; ನಿಮಗೆ ಬೇಕಾದದ್ದು 1964ರಲ್ಲಿ ಶುರುವಾದ ಮಾಲೆ. ಮುಖಪುಟದ ತಿಂಗಳನ್ನು ಬಿಡುಗಡೆಯ ತಿಂಗಳೆಂದು ತಿಳಿಯಬೇಡಿ. ಸಂಚಿಕೆ ಅಂಗಡಿಗೆ ಬರುತ್ತಿದ್ದದ್ದು ಅದಕ್ಕೂ ಎರಡು ಮೂರು ತಿಂಗಳು ಮುಂಚೆ, ಇಲ್ಲಿ ಕೊಟ್ಟಿರುವುದೆಲ್ಲ ಮುಖಪುಟದ ತಾರೀಕು.

ಹಳೇ ಹಲ್ಕ್ ಮೊದಲ ಸಂಚಿಕೆಯಲ್ಲಿ ಅವನು ಬೂದು ಬಣ್ಣದವನಾಗಿ ಕಂಡರೆ ಗಾಬರಿ ಬೇಡ. ಮುದ್ರಣದಲ್ಲಿ ಬೂದು ಒಂದೊಂದು ಪುಟಕ್ಕೆ ಒಂದೊಂದು ಥರ ಬಂದದ್ದರಿಂದ ಎರಡನೇ ಸಂಚಿಕೆಗೆ ಹಸಿರು ಮಾಡಿದರು. ಕೆಲವು ಮರುಮುದ್ರಣಗಳಲ್ಲಿ ಮೊದಲ ಸಂಚಿಕೆಗೂ ಹಸಿರು ಬಳಿದಿದ್ದಾರೆ. ಅಂಥದು ಸಿಕ್ಕರೆ ಕಥೆಗೇನೂ ನಷ್ಟವಿಲ್ಲ.